ಮೂರು ಸಮಿತಿ, ಒಂದು ಕೋಣೆ: ಬೀಗದ ಕೈ ಯಾರ ಹತ್ತಿರ ಇರಬೇಕು?

ಗಡಿಗ್ರಾಮ (ಪ್ರಶ್ನೆ)

ಕೇರಳದ ಕಾಸರಗೋಡು ಜಿಲ್ಲೆ, ಮಂಜೇಶ್ವರ ತಾಲೂಕಿನ ಒಳಭಾಗದ ಮೂರು ವಾರ್ಡು, ಹೆಚ್ಚುಕಡಿಮೆ 900 ಮನೆ. ದೇವಸ್ಥಾನದ ಸೇವಾ ಸಮಿತಿ, ಪಳ್ಳಿಯ (ಮಸೀದಿಯ) ಜಮಾಅತ್ ಕಮಿಟಿ, ಇಗರ್ಜಿಯ (ಚರ್ಚಿನ) ಪಾಲನಾ ಸಮಿತಿ ಮೂರೂ ಸೇರಿ ಹಾಸಿಗೆ ಹಿಡಿದವರಿಗೆ ಬೇಕಾದ ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ, ಆಕ್ಸಿಜನ್ ಯಂತ್ರಗಳನ್ನು ಒಂದೇ ಕಡೆ ಇಟ್ಟು ಎರವಲು ಕೊಡುವ ಯೋಚನೆ ಉಂಟು. ಮಾಡಬೇಕು ಎನ್ನುವುದರಲ್ಲಿ ಯಾರದ್ದೂ ತಕರಾರಿಲ್ಲ. ಗೊಂದಲ ಇರುವುದು ಸಣ್ಣ ವಿಷಯಗಳಲ್ಲಿ: ಹಣ ಯಾರ ಖಾತೆಗೆ, ಸಾಮಾನು ಎಲ್ಲಿ, ಬೀಗದ ಕೈ ಯಾರ ಹತ್ತಿರ, ಮೊದಲು ಎಂತ ಕೊಳ್ಳುವುದು. ಉದ್ಘಾಟನೆಗೆ ಮೂರೂ ಕಡೆಯ ಗುರುಗಳನ್ನು ಕರೆದು ಸೌಹಾರ್ದ ಸಂಗಮ ಮಾಡುವ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ವಿಷಯ ಗೊತ್ತಿದ್ದವರು ಬಿಡಿಸಿ ಹೇಳಿ.

ಹಳೇಖಜಾಂಚಿ

ಅವು ಸಣ್ಣ ವಿಷಯ ಅಲ್ಲ, ಅವೇ ವಿಷಯ. ಇಂಥ ಕೂಟಗಳು ಧರ್ಮದ ಜಗಳದಿಂದ ಮುರಿಯುವುದು ಅಪರೂಪ. ರಾತ್ರಿ ಹತ್ತು ಗಂಟೆಗೆ ಒಂದು ಮನೆಗೆ ಆಕ್ಸಿಜನ್ ಯಂತ್ರ ಬೇಕಾದಾಗ ಕೀಲಿ ಇಟ್ಟುಕೊಂಡವರು ಪುತ್ತೂರಿಗೆ ಮದುವೆಗೆ ಹೋಗಿರುತ್ತಾರೆ, ಅಲ್ಲಿಗೆ ಮುರಿಯಿತು.

ಕೋಣೆ ಮೂರರಲ್ಲಿ ಯಾರ ಆವರಣದಲ್ಲೂ ಬೇಡ. ದೇವಸ್ಥಾನದ ಅಂಗಳದಲ್ಲಿದ್ದರೆ ಸೂತಕದ ಮನೆಯವರು ಒಳಗೆ ಬರಲು ಹಿಂಜರಿಯುತ್ತಾರೆ, ಪಳ್ಳಿಯ ಪಕ್ಕ ಇದ್ದರೆ ಹೆಂಗಸರು ಬಂದು ಕೇಳುವುದಿಲ್ಲ. ಪಂಚಾಯತ್ ಕಟ್ಟಡ, ಗ್ರಂಥಾಲಯ, ಹಾಲಿನ ಸೊಸೈಟಿ, ಇಲ್ಲದಿದ್ದರೆ ರಸ್ತೆ ಬದಿಯ ಬಾಡಿಗೆ ಅಂಗಡಿಕೋಣೆ. ಪಿಕಪ್ ಬಾಗಿಲ ತನಕ ಬರಬೇಕು, ನೆಲ ರಸ್ತೆಗಿಂತ ಒಂದಡಿಯಾದರೂ ಎತ್ತರ ಇರಬೇಕು.

ಕೀಲಿ ಮೂರು ಮಾಡಿಸಿ. ಒಂದು ಕೋಣೆಗೆ ಅತಿ ಹತ್ತಿರದ ಮನೆಯಲ್ಲಿ, ಅದು ಯಾವ ಮನೆಯಾದರೂ ಸರಿ. ಒಂದು ರಾತ್ರಿ ತೆರೆದಿರುವ ಯಾವುದಾದರೂ ಕಡೆ, ಉದಾಹರಣೆಗೆ ಔಷಧದಂಗಡಿ. ಒಂದು ಆಟೋ ಸ್ಟ್ಯಾಂಡಿನಲ್ಲಿ. ಮೂರು ಸಮಿತಿಗೆ ಒಂದೊಂದು ಅಂತ ಹಂಚಿದಿರೋ, ಕೋಣೆ ತೆಗೆಯಲು ಮೂವರ ಒಪ್ಪಿಗೆ ಬೇಕು ಎನ್ನುವ ಸಂಪ್ರದಾಯ ತಾನಾಗಿಯೇ ಹುಟ್ಟಿಕೊಳ್ಳುತ್ತದೆ.

ನೇರಮಾತು

ಒಂದು ಪ್ರಶ್ನೆ. ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ನೋವು ಇಳಿಸಿ ನೋಡಿಕೊಳ್ಳುವ) ನೀತಿ ಉಂಟು, ಪ್ರತಿ ಪಂಚಾಯತಿಯಲ್ಲೂ ಮನೆಗೆ ಬರುವ ನರ್ಸ್ ಇದ್ದಾರೆ, ಯೋಜನಾ ನಿಧಿಯಿಂದ ಹಣ ಇಡುತ್ತಾರೆ. ಅದನ್ನು ಬಿಟ್ಟು ದೇವಸ್ಥಾನ, ಪಳ್ಳಿ, ಇಗರ್ಜಿ ಎಂತಕ್ಕೆ? ನಾಳೆ ನರ್ಸ್ ಹೇಳುವುದು ಒಂದು, ಸಮಿತಿ ಹೇಳುವುದು ಇನ್ನೊಂದು.

ಮನೆಭೇಟಿ

ಬಿಟ್ಟು ಅಲ್ಲ, ಅದರ ಹಿಂದೆ ನಿಲ್ಲಲಿಕ್ಕೆ. ನರ್ಸ್ ಒಬ್ಬರೇ, ಪಂಚಾಯತ್ ಪೂರ್ತಿ ಅವರದ್ದು. ಒಂದು ಮನೆಗೆ ತಿಂಗಳಿಗೆ ಒಂದೆರಡು ಸಲ ಹೋದರೆ ಹೆಚ್ಚು. ಉಳಿದ ದಿನ ಮಗ್ಗುಲು ಬದಲಿಸುವವರು, ಮಂಚ ಹೊರುವವರು, ಮಗಳು ಪೇಟೆಗೆ ಹೋಗಿ ಬರುವ ತನಕ ಕೂತುಕೊಳ್ಳುವವರು ಬೇಕು. ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪಾಲಿಯೇಟಿವ್ ಕೆಲಸ 1999ರ ಬಳಿಕ ಮಲಪ್ಪುರಂನಲ್ಲಿ ಊರವರ ಕೈಗೆ ಬಂದದ್ದೇ ಹೀಗೆ. ವೈದ್ಯಕೀಯ ತೀರ್ಮಾನ ವೈದ್ಯರದ್ದು ಮತ್ತು ನರ್ಸಿನದ್ದು, ಉಳಿದದ್ದು ಊರಿನದ್ದು.

ಆದರೆ ನೇರಮಾತು ಅವರ ಭಯ ಸುಳ್ಳಲ್ಲ. ಆದ್ದರಿಂದ ಒಂದು ನಿಯಮ: ಯಾವ ಸಾಮಾನೂ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಒಂದು ಸಾಲಿನ ಚೀಟಿ ಇಲ್ಲದೆ ಹೋಗಬಾರದು. ಊರುಗೋಲು, ವಾಕರ್ ಬೇಕಾದರೆ ಬಿಡಿ. ಆಕ್ಸಿಜನ್ ಯಂತ್ರ ಮಾತ್ರ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ ಎಂದು ವೈದ್ಯರು ಬರೆದುಕೊಡದೆ ಕೊಡಲೇಬಾರದು. ಕಫ ಎಳೆಯುವ ಸಕ್ಷನ್ ಯಂತ್ರವನ್ನು ಮನೆಯವರಿಗೆ ಕಲಿಸಿದ ಮೇಲೆಯೇ ಕೊಡಬೇಕು.

ಸ್ಪಾನರ್

ಸಾಮಾನಿನ ಬಗ್ಗೆ. ಉದ್ದ ಆಗುತ್ತದೆ, ಕ್ಷಮಿಸಿ.

ಗಾಳಿ ಹಾಸಿಗೆ: ಅದನ್ನು ಮಾಮೂಲು ಹಾಸಿಗೆಯ ಮೇಲೆ ಹಾಸಬೇಕು, ಬರೀ ಹಲಗೆಯ ಮೇಲಲ್ಲ. ಗುಳ್ಳೆಗಳು ಮೇಲ್ಮುಖ. ಪಂಪನ್ನು ಕಾಲಿನ ಬದಿಯ ಸರಳಿಗೆ ನೇತುಹಾಕಿ, ನೆಲದಲ್ಲಿಟ್ಟರೆ ಸಾರಣೆ ಮಾಡುವಾಗ ನೀರು ಹೋಗಿ ಸುಡುತ್ತದೆ. ಮೇಲೆ ಒಂದೇ ತೆಳು ಬಟ್ಟೆ, ಸಡಿಲವಾಗಿ. ಹೆಚ್ಚಿನ ಮನೆಗಳಲ್ಲಿ ಪಾಪ ಗಟ್ಟಿ ಆಗುತ್ತದೆಂದು ಮೇಲೆ ಎರಡು ಕಂಬಳಿ ಹಾಸುತ್ತಾರೆ. ಅಲ್ಲಿಗೆ ಗಾಳಿ ಹಾಸಿಗೆ ಇದ್ದೂ ಇಲ್ಲದ ಹಾಗೆ. ಕರೆಂಟು ಹೋದರೆ ಗಾಳಿ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಒಳಭಾಗದಲ್ಲಿ ಗಾಳಿಗೆ ಮರ ಬಿದ್ದು ಒಂದು ದಿನ ಕರೆಂಟು ಇಲ್ಲದಿರುವುದು ಹೊಸತಲ್ಲ.

ಅದಕ್ಕೆ ಒಂದೆರಡು ನೀರಿನ ಹಾಸಿಗೆಯೂ ಇರಲಿ. ಅದರ ಲೆಕ್ಕ ಬೇರೆ. ಆರಡಿ ಉದ್ದ, ಮೂರಡಿ ಅಗಲ, ಮೂರು ಇಂಚು ನೀರು ಎಂದರೆ 120 ಲೀಟರಿಗೂ ಹೆಚ್ಚು. ಅಷ್ಟೇ ಕಿಲೋ ಭಾರ, ಮೇಲೆ ಮನುಷ್ಯ. ಹಳೆಯ ಮರದ ಮಂಚದ ನಡು ಪಟ್ಟಿ ಮುರಿಯುವುದು ಇದರಿಂದ. ಮೊದಲು ಮಂಚದ ಮೇಲೆ ಇಟ್ಟು, ಆಮೇಲೆ ಪೈಪಿನಿಂದ ತುಂಬಿಸಬೇಕು. ತುಂಬಿಸಿ ಹೊರುವುದು ಆಗದ ಕೆಲಸ. ಒಳಗಿನ ಗಾಳಿ ಪೂರ್ತಿ ಒತ್ತಿ ತೆಗೆಯದಿದ್ದರೆ ರೋಗಿ ಹೊರಳಿದಾಗಲೆಲ್ಲ ಗುಳುಗುಳು ಸದ್ದು, ನಿದ್ದೆ ಇಲ್ಲ. ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳ) ಮಳೆಗೆ ನೀರು ತಣ್ಣಗಾಗಿ ಮುದುಕರು ನಡುಗುತ್ತಾರೆ, ಆ ದಿನಗಳಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿ. ಸೇಫ್ಟಿ ಪಿನ್ನು ಹತ್ತಿರ ತರಬೇಡಿ.

ಎತ್ತಿಳಿಸುವ ಮಂಚ: ಉಪ್ಪುಗಾಳಿಗೆ ಹಿಡಿಕೆಯ ಸ್ಕ್ರೂ ತುಕ್ಕು ಹಿಡಿಯುತ್ತದೆ. ಮೂರು ತಿಂಗಳಿಗೊಮ್ಮೆ ಗ್ರೀಸ್. ತೆಂಗಿನೆಣ್ಣೆ ಹಾಕುವವರಿದ್ದಾರೆ, ಅದು ಅಂಟಾಗಿ ಧೂಳು ಕಚ್ಚುತ್ತದೆ, ಬೇಡ. ಕೊಳ್ಳುವ ಮೊದಲು ತಲೆ ಮತ್ತು ಕಾಲಿನ ಹಲಗೆ ಕಳಚಿ ಬರುತ್ತದೋ ನೋಡಿ. ಹಳೆ ಮನೆಗಳ ಬಾಗಿಲು ಎರಡೂವರೆ ಅಡಿ, ಮಂಚ ಮೂರಡಿ. ಮನೆಗೆ ದಾರಿ ಎಂದರೆ ತೋಟದ ನಡುವಿನ ಕಟ್ಟಪುಣಿ (ಕಿರಿದಾದ ಬದು), ನಡುವೆ ಅಡಿಕೆ ಮರದ ಸಂಕ (ಕಾಲುಸೇತುವೆ). ಅಂಥ ಮನೆಗಳಿಗೆ ಮಡಚುವ ಬಟ್ಟೆ ಸ್ಟ್ರೆಚರ್ ಒಂದು ಬೇಕೇ ಬೇಕು. ರೋಗಿಯನ್ನು ರಸ್ತೆಗೆ ತರುವುದು ಅದರಲ್ಲಿಯೇ.

ವಾಕರ್: ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ಕೊಡುವಾಗಲೇ ಹೊಂದಿಸಿ ಕೊಡಿ, ರಬ್ಬರು ಬುಡ ಸವೆದಿದ್ದರೆ ಬದಲಿಸಿ. ನಾಲ್ಕು ಬುಡ ಯಾವತ್ತೂ ಸ್ಟಾಕಿನಲ್ಲಿರಲಿ.

ನಂಬರನ್ನು ಬಣ್ಣದಲ್ಲಿ ಬರೆಯಿರಿ. ಸ್ಟಿಕ್ಕರು ಎರಡು ಮಳೆಗಾಲ ಬಾಳುವುದಿಲ್ಲ.

ದೀಪಬತ್ತಿ

ಆಕ್ಸಿಜನ್ ಯಂತ್ರದ ಬಗ್ಗೆ ಒಂದು ಸೇರಿಸುತ್ತೇನೆ, ಇದು ಮೂರೂ ಕಡೆಯವರಿಗೆ ಸಂಬಂಧಪಟ್ಟದ್ದು. ನಮ್ಮ ಮನೆಗಳಲ್ಲಿ ರೋಗಿಯ ತಲೆ ಹತ್ತಿರ ಏನಾದರೊಂದು ಉರಿಯುತ್ತಲೇ ಇರುತ್ತದೆ. ಒಂದು ಕಡೆ ನಂದಾದೀಪ, ಊದುಬತ್ತಿ. ಒಂದು ಕಡೆ ಲೋಬಾನ. ಒಂದು ಕಡೆ ಮೇಣದಬತ್ತಿ. ಆಕ್ಸಿಜನ್ ಇರುವ ಕೋಣೆಯಲ್ಲಿ ಬೆಂಕಿ ಕನಿಷ್ಠ 3 ಮೀಟರ್ ದೂರ ಇರಬೇಕು, ಸಣ್ಣ ಕೋಣೆಯಾದರೆ ಹೊರಗೆ ಚಾವಡಿಯಲ್ಲಿ. ಹೊದಿಕೆಗೆ, ತಲೆದಿಂಬಿಗೆ ಆಕ್ಸಿಜನ್ ಹಿಡಿದಿರುತ್ತದೆ, ಒಂದು ಕಿಡಿ ಸಾಕು. ಮೂಗಿನ ಸುತ್ತ ಎಣ್ಣೆ, ವ್ಯಾಸಲೀನ್ ಹಚ್ಚಬಾರದು. ಇದನ್ನು ಸ್ವಯಂಸೇವಕರು ಹೇಳಿದರೆ ಮನೆಯವರಿಗೆ ಬೇಸರ ಆಗುತ್ತದೆ, ದೀಪ ಆರಿಸಲು ಹೇಳುವವನು ಯಾರು ಅಂತ. ಭಟ್ಟರು, ಉಸ್ತಾದರು, ಫಾದರ್ ತಮ್ಮತಮ್ಮವರಿಗೆ ಒಮ್ಮೆ ಹೇಳಿಬಿಟ್ಟರೆ ಮುಗಿಯಿತು. ಗುರುಗಳಿಂದ ಆಗಬೇಕಾದ ಉಪಕಾರ ಇದು, ವೇದಿಕೆ ಭಾಷಣ ಅಲ್ಲ.

ಯಂತ್ರ ಗೋಡೆಯಿಂದ ಒಂದಡಿ ದೂರ. ಹೊರಗಿನ ಸ್ಪಂಜು ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಬಾಟಲಿಗೆ ಡಿಸ್ಟಿಲ್ಡ್ ನೀರು, ದಿನಾ ಬದಲಿಸಿ. ಬಾವಿ ನೀರು ಹಾಕಬೇಡಿ.

ಸ್ಪಾನರ್

ಸರಿಯಾದ ಮಾತು. ಇನ್ನೊಂದು: ಯಾರೂ ಕೇಳಲಿಲ್ಲ ಅಂತ ಆರು ತಿಂಗಳು ಕೋಣೆಯಲ್ಲಿ ಸುಮ್ಮನೆ ಇಟ್ಟರೆ ಯಂತ್ರ ಹಾಳು. ಒಳಗೆ ಸಾರಜನಕ ಹಿಡಿಯುವ ಜಿಯೋಲೈಟ್ ಹರಳುಗಳಿವೆ, ಅವು ನಮ್ಮ ತೇವಕ್ಕೆ ಸಾಯುತ್ತವೆ. ಯಂತ್ರ ಗುರ್ ಅನ್ನುತ್ತದೆ, ಗಾಳಿ ಬರುತ್ತದೆ, ಆಕ್ಸಿಜನ್ ಇರುವುದಿಲ್ಲ! ತಿಂಗಳಿಗೊಮ್ಮೆ ಕೆಲವು ಗಂಟೆ ಓಡಿಸಿ, ವರ್ಷಕ್ಕೊಮ್ಮೆ ಮೀಟರಿನಲ್ಲಿ ಶುದ್ಧತೆ ನೋಡಿಸಿ. ಹೊಸತರಲ್ಲಿ ಶೇ 90ರ ಮೇಲೆ ಇರಬೇಕು, 82ಕ್ಕಿಂತ ಕೆಳಗಿಳಿದರೆ ಕೊಡಬೇಡಿ. 5 ಲೀಟರಿನ ಯಂತ್ರ 300ರಿಂದ 400 ವ್ಯಾಟ್ ತಿನ್ನುತ್ತದೆ, ವೋಲ್ಟೇಜ್ ಏರಿಳಿಯುವ ಕಡೆಗೆ ಸ್ಟೆಬಿಲೈಸರ್ ಜೊತೆಯಲ್ಲೇ ಕೊಡಿ.

ಗಡಿಗ್ರಾಮ

ಹಣದ ವಿಷಯ? ಜಮಾಅತಿನಿಂದ ಝಕಾತ್‌ನ ಒಂದು ಪಾಲು ಕೊಡಬಹುದು ಅಂತ ಒಬ್ಬರು ಹೇಳಿದ್ದಾರೆ. ದೇವಸ್ಥಾನದಿಂದ ಹುಂಡಿಯ ಒಂದು ಪಾಲು.

ಕಿತಾಬು

ಝಕಾತ್ ಕೇಳಬೇಡಿ. ಕೊಡಲು ಮನಸ್ಸಿಲ್ಲದೆ ಅಲ್ಲ, ಅದರ ಕಟ್ಟಳೆ ಬೇರೆ. ಉಳಿತಾಯದ ಶೇ 2.5 ಎಂದು ಲೆಕ್ಕ ಹಾಕಿ ಕೊಡಲೇಬೇಕಾದ ಆ ದಾನಕ್ಕೆ ಎಂಟು ಬಗೆಯ ಹಕ್ಕುದಾರರು ನಿಗದಿಯಾಗಿದ್ದಾರೆ. ನಮ್ಮ ಕಡೆ ಹೆಚ್ಚಿನವರು ಶಾಫಿ ಪಂಥದ ಕಟ್ಟಳೆಯವರು, ಅದು ಹಕ್ಕುದಾರನ ಕೈಗೇ ಸೇರಿ ಅವನದ್ದೇ ಆಗಬೇಕು ಎನ್ನುತ್ತಾರೆ. ಇವತ್ತು ಇವರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ತಿರುಗುವ ಮಂಚ ಯಾರದ್ದೂ ಆಗುವುದಿಲ್ಲವಲ್ಲ. ಸದಖಾ ಬೇರೆ. ಅದು ಐಚ್ಛಿಕ, ಯಾವ ಮತದವನಿಗೂ ಸಲ್ಲುತ್ತದೆ, ಸಾಮಾನು ಕೊಳ್ಳಲೂ ಆಗುತ್ತದೆ. ಜುಮಾದ ದಿನ ಸದಖಾ ಎಂದು ಬಾಯಿಬಿಟ್ಟು ಹೇಳಿ ಬಕೆಟ್ ಹಿಡಿಯಿರಿ, ಒಬ್ಬರೂ ಆಕ್ಷೇಪಿಸುವುದಿಲ್ಲ. ರಸೀದಿಯಲ್ಲೂ ಹಾಗೇ ಬರೆಯಿರಿ. ಎರಡನ್ನೂ ಕಲಸಿದರೆ ಖತೀಬರು (ಪಳ್ಳಿಯ ಧರ್ಮಗುರು) ಸುಮ್ಮನಿದ್ದರೂ ಮುಂದಿನ ವರ್ಷ ಕಮಿಟಿಯ ಮಹಾಸಭೆಯಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ.

ಹಳೇಖಜಾಂಚಿ

ಹುಂಡಿಯೂ ಬೇಡ. ಕಾನೂನಿನಲ್ಲಿ ದೇವರ ಸ್ವತ್ತು ದೇವರದ್ದೇ, ಮೊಕ್ತೇಸರರು ಬರೀ ನೋಡಿಕೊಳ್ಳುವವರು. 2008ರಲ್ಲಿ ಬಂದ, ದೇವಸ್ಥಾನಗಳ ಆಡಳಿತ ನೋಡುವ ಮಲಬಾರ್ ದೇವಸ್ವಂ ಬೋರ್ಡಿನ ಕೈಕೆಳಗಿನ ದೇವಸ್ಥಾನವಾದರೆ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಸೇವಾ ಸಮಿತಿ, ಭಜನಾ ಮಂಡಳಿ, ಯುವಕ ಸಂಘ ತಮ್ಮ ಹೆಸರಲ್ಲಿ ಎತ್ತಿದ ಹಣಕ್ಕೆ ಆ ತೊಡಕಿಲ್ಲ. ವಕ್ಫ್ ಆಸ್ತಿಯ ಬಾಡಿಗೆಯನ್ನೂ ಮುಟ್ಟಬೇಡಿ. ಇಗರ್ಜಿಯಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದ್ದರೆ ಅವರ ಮೂಲಕ ಬರಲಿ, ಬಡವರ ಮನೆಭೇಟಿ ಅವರ ಹಳೇ ಕೆಲಸವೇ.

ಖಾತೆ: ಸೊಸೈಟಿಯಾಗಿ ನೋಂದಣಿ ಮಾಡಿಸಿ. ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆಯ ಮಾದರಿ ಬೈಲಾ ಯಾರಾದರೂ ಕೊಟ್ಟರೆ ಅದನ್ನು ಎತ್ತಿ ಹಾಕಬೇಡಿ. ನಮ್ಮದು 1956ರ ತನಕ ಮದ್ರಾಸಿನ ದಕ್ಷಿಣ ಕನ್ನಡಕ್ಕೆ ಸೇರಿದ್ದ ಜಾಗ, ನಮಗೆ 1860ರ ಕಾಯ್ದೆ. ಕನಿಷ್ಠ ಏಳು ಜನ ಬೇಕು. ಮೂರು ಕಡೆಯಿಂದ ಇಬ್ಬಿಬ್ಬರು, ಏಳನೆಯವರು ಯಾವ ಸಮಿತಿಯಲ್ಲೂ ಇಲ್ಲದ ನಿವೃತ್ತ ಟೀಚರೋ ನರ್ಸೋ ಆಗಲಿ. ಅಧ್ಯಕ್ಷರು, ಖತೀಬರು, ಫಾದರ್ ಪದನಿಮಿತ್ತ ಸದಸ್ಯರು ಅಂತ ಬರೆಯಬೇಡಿ. ಫಾದರಿಗೆ ವರ್ಗ ಆಗುತ್ತದೆ, ಖತೀಬರು ಬದಲಾಗುತ್ತಾರೆ, ಪ್ರತಿ ಸಲ ಬ್ಯಾಂಕಿಗೆ ಸಹಿ ಬದಲಿಸಲು ಅಲೆಯಬೇಕು.

ಬೈಲಾದಲ್ಲಿ "ಜಾತಿ ಮತ ಭೇದವಿಲ್ಲದೆ" ಎಂದು ಇರಲೇಬೇಕು. ಮರ್ಯಾದೆಗೆ ಮಾತ್ರ ಅಲ್ಲ, ಒಂದೇ ಧರ್ಮದವರ ಹಿತಕ್ಕೆ ಎಂದಿದ್ದರೆ ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೂ ಆ ರಿಯಾಯಿತಿ ಇಲ್ಲ.

ಇನ್ನು ಗಲ್ಫ್ ಹಣ, ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡದು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದರೆ, ಅವರು ನಮ್ಮ ಊರಲ್ಲೇ ಹುಟ್ಟಿದವರಾಗಿದ್ದರೂ, ವಿದೇಶಿ ದೇಣಿಗೆಯೇ. ಅಲ್ಲಿ ನೋಂದಣಿಯಾದ ಸಂಘ ಕಳಿಸಿದರೂ ಅಷ್ಟೇ. ವಿದೇಶಿ ದೇಣಿಗೆಯ 2010ರ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿ ತೆಗೆದುಕೊಂಡರೂ ಅಪರಾಧ. ಆದ್ದರಿಂದ ದುಬೈಯಿಂದ "ಒಂದು ಮಂಚ ನಮ್ಮದು" ಅಂತ ಮೆಸೇಜ್ ಬಂದ ಕೂಡಲೇ ಪಾಸ್‌ಪೋರ್ಟ್ ಪ್ರತಿ ಕೇಳಿ. ಬೇಸರ ಮಾಡಿಕೊಳ್ಳುತ್ತಾರೆ, ಕೇಳಿ.

ಗುರ್ಕಾರ್ಪಣ

ದಿನ ಹೊಂದಿಸುವುದು ಯಾರೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನ 12ರಿಂದ 2 ಬಿಡಿ. ಭಾನುವಾರ ಬೆಳಿಗ್ಗೆ ಬಿಡಿ. ಸಂಜೆ ಮಗ್ರಿಬ್ ನಮಾಜಿನ ಹೊತ್ತು ಬಿಡಿ, ದೇವಸ್ಥಾನದಲ್ಲೂ ಅದೇ ಹೊತ್ತಿಗೆ ಪೂಜೆ. ಉಳಿಯುವುದು ಭಾನುವಾರ ಮಧ್ಯಾಹ್ನ 3 ಗಂಟೆ. ಅದನ್ನೇ ಹಿಡಿದುಕೊಳ್ಳಿ, ತಿಂಗಳ ಎರಡನೇ ಭಾನುವಾರ, ಬದಲಿಸಲೇಬೇಡಿ.

ವರ್ಷದ ಲೆಕ್ಕ ಹೀಗೆ. ಡಿಸೆಂಬರಿನಿಂದ ಪತ್ತನಾಜೆ (ತುಳುನಾಡಿನ ಉತ್ಸವಗಳು ಮುಗಿಯುವ ದಿನ) ತನಕ ದೈವಗಳ ಕೋಲ, ನೇಮ, ಬ್ರಹ್ಮಕಲಶ, ಉರೂಸು, ಹಬ್ಬ. ಜನ ರಾತ್ರಿ ನಿದ್ದೆಗೆಟ್ಟಿರುತ್ತಾರೆ, ಹೊಸ ಕೆಲಸ ಶುರು ಮಾಡಬೇಡಿ. ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಯಿಂದ, ಗೆಜ್ಜೆ ಕಟ್ಟುವುದು ನಿಲ್ಲುತ್ತದೆ. ಆಟಿಯಲ್ಲಿ ಯಾವ ಶುಭಕಾರ್ಯವೂ ಇಲ್ಲ, ಹೊರಗೆ ಕೆಲಸವೂ ಇಲ್ಲ. ತರಬೇತಿಗೆ, ರಿಪೇರಿಗೆ, ಲೆಕ್ಕ ಪತ್ರಕ್ಕೆ ಅದೇ ತಿಂಗಳು. ಸ್ವಯಂಸೇವಕರ ಪಾಠ 16 ಗಂಟೆ ಬೇಕು, ನಾಲ್ಕು ಭಾನುವಾರಕ್ಕೆ ಹಂಚಿದರೆ ಆಗುತ್ತದೆ.

ರಂಜಾನಿನಲ್ಲಿ ಮುಸ್ಲಿಂ ಸ್ವಯಂಸೇವಕರ ಭೇಟಿ ಬೆಳಿಗ್ಗೆ, ಸಂಜೆಯ ಪಾಳಿ ಉಳಿದವರದ್ದು. ನವರಾತ್ರಿ, ಪವಿತ್ರ ವಾರದಲ್ಲಿ ಅದೇ ಲೆಕ್ಕ ತಿರುಗಿಸಿ. ಮೂರು ಧರ್ಮದವರಿದ್ದರೆ ಇರುವ ದೊಡ್ಡ ಲಾಭ ಇದು: ಹಬ್ಬದ ದಿನವೂ ಯಾರಾದರೊಬ್ಬರು ಬಿಡುವಾಗಿರುತ್ತಾರೆ. ರಕ್ತದಾನ ಶಿಬಿರ ಇಡುವುದಾದರೆ ಉಪವಾಸದ ಹಗಲಲ್ಲಿ ಇಡಬೇಡಿ, ಅದು ರೋಜಾ ಆದರೂ ಏಕಾದಶಿ ಆದರೂ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನದ ಅಂತರ ಎಂಬುದನ್ನು ಪಟ್ಟಿಯಲ್ಲೇ ಬರೆದಿಡಿ.

ಮನೆಭೇಟಿ

ಭೇಟಿಯ ಶಿಸ್ತು ಹೇಳುತ್ತೇನೆ. ಇಬ್ಬರು ಹೋಗಬೇಕು, ಅದರಲ್ಲಿ ಒಬ್ಬರು ಹೆಂಗಸು. ಇಬ್ಬರೂ ಒಂದೇ ಧರ್ಮದವರಾಗದಿದ್ದರೆ ಒಳ್ಳೇದು, ಆದರೆ ಅದನ್ನು ನಿಯಮ ಮಾಡಿ ಪ್ರದರ್ಶನಕ್ಕಿಡಬೇಡಿ. ನೀವಾಗಿ ಪ್ರಾರ್ಥನೆ ಮಾಡಬೇಡಿ, ಪ್ರಸಾದ, ಮಂತ್ರಿಸಿದ ನೀರು, ಜಪಮಾಲೆ ಒಯ್ಯಬೇಡಿ. ರೋಗಿ ಕೇಳಿದರೆ ಅವರದ್ದೇ ಕಡೆಯವರನ್ನು ಕರೆಸಿ. ಮುಸ್ಲಿಂ ಸ್ವಯಂಸೇವಕ ದೇವಸ್ಥಾನಕ್ಕೆ ಫೋನ್ ಮಾಡಿ "ಇಂಥವರಿಗೆ ತೀರ್ಥ ಬೇಕಂತೆ" ಎಂದು ಹೇಳಿದರೆ ಸಾಕು, ಅದಕ್ಕಿಂತ ಸೌಹಾರ್ದ ಬೇಡ.

ಫೋಟೋ ಇಲ್ಲ. ರೋಗಿಯ ಮಂಚದ ಸುತ್ತ ಮೂರು ಗುರುಗಳು ನಿಂತ ಚಿತ್ರ ವಾಟ್ಸಾಪಿಗೆ ಬಂದ ದಿನದಿಂದ ಮರ್ಯಾದಸ್ಥ ಮನೆಯವರು ಸಾಮಾನು ಕೇಳುವುದು ನಿಲ್ಲಿಸುತ್ತಾರೆ.

ಕಲಿಸಬೇಕಾದ್ದು ಹೆಚ್ಚಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು. ಕೆಂಪಾದ ಜಾಗವನ್ನು ತಿಕ್ಕಬಾರದು. ರಬ್ಬರು ರಿಂಗಿನ ಮೇಲೆ ಕೂರಿಸಬಾರದು, ಅದು ಸುತ್ತಲಿನ ರಕ್ತ ಓಟ ತಡೆಯುತ್ತದೆ. ನೀರು ತುಂಬಿದ ಗ್ಲೌಸನ್ನು ಹಿಮ್ಮಡಿಗೆ ಇಡುವ ಹಳೇ ಉಪಾಯವೂ ಬೇಡ. ಮೀನಖಂಡದ ಅಡಿ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿರಲಿ. ಗಾಯ ತೊಳೆಯಲು ಒಂದು ಲೀಟರ್ ನೀರು ಕುದಿಸಿ ಒಂದೂವರೆ ಚಮಚ, ಅಂದರೆ 9 ಗ್ರಾಂ ಉಪ್ಪು. ಮುಚ್ಚಿಟ್ಟು ಅದೇ ದಿನ ಖಾಲಿ ಮಾಡಿ. ವಾಸನೆ ಬರುವ ಗಾಯಕ್ಕೆ ಮಾತ್ರೆ ಪುಡಿ ಹಾಕುವುದು ನರ್ಸ್ ಹೇಳಿದರೆ ಮಾತ್ರ.

ಚೀಟಿಯ ಭಾಷೆ: ಸರಕಾರಿ ಕಾಗದ ಮಲಯಾಳದಲ್ಲಿ ಬರುತ್ತದೆ. ನಮ್ಮಲ್ಲಿ ಬ್ಯಾರಿ, ಕೊಂಕಣಿ, ಮರಾಟಿ ಮನೆಗಳಲ್ಲೂ ಹಿರಿಯರು ಓದಿದ್ದು ಕನ್ನಡ ಶಾಲೆಯಲ್ಲಿ. ಮದ್ದಿನ ಹೊತ್ತು, ಯಂತ್ರದ ಸೂಚನೆ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ, ಹಿಂಬದಿಯಲ್ಲಿ ಮಲಯಾಳ.

ಪಡ್ರೆಗುಡ್ಡೆ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಕಡೆಯವರಿಗೆ ಒಂದು ಮಾತು. ಇಲ್ಲಿ ಹಾಸಿಗೆ ಹಿಡಿದವರು ಎಂದರೆ ಮುದುಕರು ಮಾತ್ರ ಅಲ್ಲ. ಗೇರು ತೋಟಗಳಿಗೆ 2000ನೇ ಇಸವಿ ತನಕ ಎರಡು ದಶಕಕ್ಕೂ ಮಿಕ್ಕಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ಇವು. ಮಕ್ಕಳಿಗೆ ದೊಡ್ಡವರ ಗಾಲಿಕುರ್ಚಿ ಕೊಟ್ಟರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಒಂದು ಬದಿಗೆ ವಾಲಿ ಬೆನ್ನು ಸೊಟ್ಟಗಾಗುತ್ತದೆ. ಆಸನದ ಅಗಲ ಸೊಂಟಕ್ಕಿಂತ ಎರಡೂವರೆಯಿಂದ ಐದು ಸೆಂಟಿಮೀಟರ್ ಮಾತ್ರ ಹೆಚ್ಚಿರಬೇಕು, ಮೊಣಕಾಲಿನ ಹಿಂದೆ ಎರಡು ಮೂರು ಬೆರಳು ಜಾಗ, ಪಾದ ಹಲಗೆಗೆ ತಾಗಬೇಕು. ಆರು ತಿಂಗಳಿಗೊಮ್ಮೆ ಅಳೆಯಿರಿ, ಬೆಳೆಯುವ ಮಕ್ಕಳು. ಇಂಥ ಕುರ್ಚಿ ತಿರುಗಿಸಿ ಇನ್ನೊಬ್ಬರಿಗೆ ಕೊಡುವುದು ಕಷ್ಟ, ಅದಕ್ಕೆ ಬೇರೆ ದಾನಿ ಹಿಡಿಯಿರಿ.

ಸರಕಾರದ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸುತ್ತೇವೆ, ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ 5 ಲಕ್ಷ ಪರಿಹಾರ ಕೊಡಿಸುತ್ತೇವೆ ಎಂದು ಯಾವ ಸ್ವಯಂಸೇವಕನೂ ಮನೆಯಲ್ಲಿ ಹೇಳಬಾರದು. ಅದು ಬೇರೆ ಹೋರಾಟ, ಬೇರೆ ಜನ. ಆ ತಾಯಂದಿರಿಗೆ ನಿಮ್ಮಿಂದ ಬೇಕಾದ್ದು ವಾರಕ್ಕೆ ಮೂರು ಗಂಟೆ. ಮಗುವಿನ ಹತ್ತಿರ ಯಾರಾದರೂ ಕೂತರೆ ಅವರು ಒಂದು ಮದುವೆಗೋ ಬ್ಯಾಂಕಿಗೋ ಹೋಗಿ ಬಂದಾರು.

ಬಾವಿಕಟ್ಟೆ

ಮೊದಲ ಮಳೆಗೆ ಬಾವಿ ಶುದ್ಧ ಮಾಡುವ ಕೆಲಸವನ್ನೂ ಇದೇ ಕೂಟಕ್ಕೆ ಕೊಡಿ, ಖರ್ಚು ಕಮ್ಮಿ. 1000 ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ.

ಮನೆಭೇಟಿ

5 ಗ್ರಾಂ ನೆರೆ ನೀರು ನುಗ್ಗಿದ ಬಾವಿಗೆ, ಕಾಮಾಲೆ ಕಂಡ ಕಡೆಗೆ. ಮಾಮೂಲಿಗೆ 2.5 ಗ್ರಾಂ. ಲೆಕ್ಕ ಸುಲಭ: ವ್ಯಾಸ ಗುಣಿಸು ವ್ಯಾಸ ಗುಣಿಸು ನೀರಿನ ಆಳ, ಎಲ್ಲ ಮೀಟರಿನಲ್ಲಿ, ಗುಣಿಸು 785. ಬಂದದ್ದು ಲೀಟರ್. 3 ಮೀಟರ್ ಬಾವಿ, 4 ಮೀಟರ್ ನೀರು ಎಂದರೆ 28,260 ಲೀಟರ್, ಪುಡಿ 70 ಗ್ರಾಂ. ಬಕೆಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ನೀರು ತುಂಬಿ, ಹತ್ತು ನಿಮಿಷ ಬಿಟ್ಟು ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಹೊಯ್ದು ಬಾವಿಗಿಳಿಸಿ ಕುಲುಕಬೇಕು. ಅಡಿಯ ಸುಣ್ಣ ಬಾವಿಗೆ ಬೇಡ. ಒಂದು ಗಂಟೆ ಸೇದಬಾರದು. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ಬಿಲದ) ನೀರಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಹರಿಯುತ್ತಲೇ ಇರುತ್ತದೆ, ನೀರು ಬೀಳುವ ಟಾಂಕಿಗೆ ಹಾಕಬೇಕು.

ದೇವಸ್ಥಾನದ ಬಾವಿಗೆ ಅಲ್ಲಿಯವರೇ, ಪಳ್ಳಿಯ ಹೌಳಿಗೆ (ಕೈಕಾಲು ತೊಳೆಯುವ ಕೊಳಕ್ಕೆ) ಅಲ್ಲಿಯವರೇ ಇಳಿಸಲಿ. ಒಟ್ಟಿಗೆ ಮಾಡಲೇಬೇಕೆಂಬ ಹಟ ಬೇಡ. ಪುಡಿ ಒಂದೇ ಡಬ್ಬದ್ದು, ಅಷ್ಟು ಸಾಕು.

ನೇರಮಾತು

ಸಾಮಾನು ವಾಪಸು ಬರುವುದು ಹೇಗೆ? 1,000 ರೂಪಾಯಿ ಠೇವಣಿ ಇಡಿಸಿ.

ಹಳೇಖಜಾಂಚಿ

ಠೇವಣಿ ಇಟ್ಟರೆ ಬಡವ ಬರುವುದಿಲ್ಲ, ಇದ್ದವನು "ಸಾವಿರ ಹೋದರೆ ಹೋಗಲಿ" ಅಂತ ಮಂಚ ಇಟ್ಟುಕೊಳ್ಳುತ್ತಾನೆ. ವಾರ್ಡಿನ ಒಬ್ಬರ ಜಾಮೀನು ಸಹಿ ಸಾಕು, ಕುಡುಂಬಶ್ರೀ ಮಹಿಳಾ ಸಂಘದವರು, ಗುರ್ಕಾರರು (ಊರಿನ ಮುಖಂಡರು), ಯಾರಾದರೂ.

ಗುರ್ಕಾರ್ಪಣ

ವಾಪಸು ಕೇಳುವ ಹೊತ್ತು ನೋಡಿ ಕೇಳಬೇಕು. ಆಕ್ಸಿಜನ್ ಯಂತ್ರ ಮೂರು ದಿನದೊಳಗೆ ಅಂತ ಕೊಡುವಾಗಲೇ ಹೇಳಿ, ಇನ್ನೊಬ್ಬರ ಉಸಿರು ಕಾಯುತ್ತಿರುತ್ತದೆ. ಉಳಿದದ್ದಕ್ಕೆ ಅವಸರ ಬೇಡ: ಬೊಜ್ಜ (ಉತ್ತರಕ್ರಿಯೆ) ಮುಗಿಯಲಿ, ಇಗರ್ಜಿಯ ಏಳನೇ ದಿನದ ಪೂಜೆ ಮುಗಿಯಲಿ. ಮುಸ್ಲಿಂ ಮನೆಯಲ್ಲಿ ವಿಧವೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ (ಗಂಡ ಸತ್ತ ಮೇಲೆ ಮನೆಯೊಳಗೇ ಇರುವ ಅವಧಿ) ಕೂತಿರುತ್ತಾರೆ, ಗಂಡಸರು ಒಳನುಗ್ಗಿ ಮಂಚ ಕಳಚಬಾರದು, ಹೆಂಗಸರನ್ನು ಕಳಿಸಿ ಹೊರಗೆ ತರಿಸಿ. ಬಂದದ್ದನ್ನು ಸೋಪಿನಲ್ಲಿ ತೊಳೆದು, ಆಮೇಲೆ ಲೀಟರಿಗೆ 15 ಗ್ರಾಂ ಬ್ಲೀಚಿಂಗ್ ಪುಡಿಯ ತಿಳಿಯಲ್ಲಿ ಹತ್ತು ನಿಮಿಷ ಒರೆಸಿಟ್ಟು, ಕಬ್ಬಿಣ ಆದರೆ ಕೂಡಲೇ ನೀರಲ್ಲಿ ತೊಳೆದು ಬಿಸಿಲಿಗೆ.

ಕಿತಾಬು

ಉದ್ಘಾಟನೆಯ ಪ್ರಶ್ನೆ ಉಳಿಯಿತು. ಮಂಜೇಶ್ವರದ ಉದ್ಯಾವರದಲ್ಲಿ "ಮಾಡ" ಎಂಬ ದೈವಸ್ಥಾನದ ಪಾತ್ರಿಗಳು ಜಾತ್ರೆಗೆ ಮೊದಲು ಒಂದು ಶುಕ್ರವಾರ ಅಲ್ಲಿನ ಸಾವಿರ ಜಮಾಅತ್ ಎಂಬ ಪಳ್ಳಿಗೆ ಬಂದು ಹೇಳಿಕೆ (ಆಮಂತ್ರಣ) ಕೊಟ್ಟು ಹೋಗುತ್ತಾರೆ. ಅಲ್ಲಿ ಬ್ಯಾನರ್ ಇಲ್ಲ, ಸ್ವಾಗತ ಭಾಷಣ ಇಲ್ಲ. ದಿನ ನಿಗದಿ, ದಾರಿ ನಿಗದಿ. ಯಾರಿಗೆ ಮನಸ್ಸಿದೆ, ಯಾರಿಗಿಲ್ಲ ಎಂಬ ಪ್ರಶ್ನೆಯೇ ಬರುವುದಿಲ್ಲ, ಕಟ್ಟಳೆ ಅದು. ನಿಮ್ಮ ಎರಡನೇ ಭಾನುವಾರ ಹಾಗಾಗಬೇಕು. ಸಂಗಮ ಮಾಡಲೇಬೇಕಾದರೆ ಒಂದು ವರ್ಷ ನಡೆಸಿ, ಲೆಕ್ಕ ಓದಿ, ಆಮೇಲೆ ಮಾಡಿ. ಜನವರಿ 15 ಕೇರಳದಲ್ಲಿ ಪಾಲಿಯೇಟಿವ್ ದಿನ, ಅದು ಹೊಂದುತ್ತದೆ.

ದೀಪಬತ್ತಿ

ಊಟದ ಬಗ್ಗೆಯೂ ಈಗಲೇ ತೀರ್ಮಾನಿಸಿ. ಗಂಜಿ, ಹೆಸರುಬೇಳೆ ಪಲ್ಯ, ಉಪ್ಪಿನಕಾಯಿ. ಎಲ್ಲರೂ ಉಣ್ಣುತ್ತಾರೆ, ಯಾರೂ ಕೇಳಿಕೊಳ್ಳಬೇಕಾಗಿಲ್ಲ. ಸ್ಟೀಲ್ ಬಟ್ಟಲು ದೇವಸ್ಥಾನದ ಪಾತ್ರೆಕೋಣೆಯಿಂದ ಬೇಡ, ಶಾಲೆಯಿಂದ ತನ್ನಿ.

ಪಡ್ರೆಗುಡ್ಡೆ

2020ರ ಮಾರ್ಚ್ ಮರೆಯಬೇಡಿ. ತಲಪ್ಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಸತ್ತರು. ಸಾಮಾನು ರಿಪೇರಿ, ಆಕ್ಸಿಜನ್ ಬಿಡಿಭಾಗ, ಡಿಸ್ಟಿಲ್ಡ್ ನೀರು ಎಲ್ಲಕ್ಕೂ ಈ ಬದಿಯಲ್ಲಿ, ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಒಬ್ಬರನ್ನು ಗೊತ್ತು ಮಾಡಿಟ್ಟುಕೊಳ್ಳಿ.

ಗಡಿಗ್ರಾಮ

ಎಲ್ಲ ಬರೆದುಕೊಂಡೆ. ಹಾಗಾದರೆ ಮೊದಲ ಖರೀದಿ: ಎತ್ತಿಳಿಸುವ ಮಂಚ 2, ಗಾಳಿ ಹಾಸಿಗೆ 3, ನೀರಿನ ಹಾಸಿಗೆ 1, ಗಾಲಿಕುರ್ಚಿ 4, ವಾಕರ್ 6, ಕಮೋಡ್ ಕುರ್ಚಿ 2, ಬಟ್ಟೆ ಸ್ಟ್ರೆಚರ್ 1, ಆಕ್ಸಿಜನ್ ಯಂತ್ರ 1 ಸ್ಟೆಬಿಲೈಸರ್ ಸಹಿತ. ದಾನಿಗಳ ಹೆಸರು ಮಂಚದ ಅಡಿಯಲ್ಲಿ ಎರಡಿಂಚಿನ ಪಟ್ಟಿಯಲ್ಲಿ ಮಾತ್ರ. ಸರಿಯಾ?

ಸ್ಪಾನರ್

ಗಾಲಿಕುರ್ಚಿ ಮೂರು ಸಾಕು, ಅದನ್ನು ದಾನ ಮಾಡುವವರು ಹೇಗೂ ಬರುತ್ತಾರೆ. ಕಮೋಡ್ ಕುರ್ಚಿ ನಾಲ್ಕು ಮಾಡಿ. ಅದನ್ನು ಯಾರೂ ದಾನ ಮಾಡುವುದಿಲ್ಲ, ಎಲ್ಲರಿಗೂ ಬೇಕಾಗುವುದು ಅದೇ.